ಅಪಾಯ ಕಂಡವಳಿಗೆ ಸೊನ್ನೆ

ಹೋದ ತಿಂಗಳು ನಾನು ಫೇಲಾದೆ.

ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು. (ಕಳೆದ ಮೂರು ಅಂಕಣಗಳಲ್ಲಿ ಮೊದಲು ಲಂಡನ್ನಿನ ಹವಾಮಾನ, ಆಮೇಲೆ ಸೌತ್‌ಹಾಲ್‌ನ ಬದನೆಕಾಯಿ, ಮತ್ತೆ ಹವಾಮಾನದ ಬಗ್ಗೆ ಯಾಕೆ ಬರೆದಳು ಇವಳು ಎಂದುಕೊಂಡಿರಬೇಕು ನೀವು. ಈಗ ಗೊತ್ತಾಯಿತಲ್ಲ?)

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಅಪ್ಪ ವಿಜಯಪುರದ ಎಪಿಎಂಸಿಯಲ್ಲಿ ಹಮಾಲರಾಗಿದ್ದರು. ಅವ್ವನದು ಹೆಬ್ಬೆಟ್ಟು. ಒಂದನೇ ಇಯತ್ತೆಯಿಂದ ಬಿ.ಎಸ್ಸಿ.ವರೆಗೆ ನಾನು ಯಾವ ಪರೀಕ್ಷೆಯಲ್ಲೂ ಫೇಲಾದವಳಲ್ಲ. ಇದನ್ನು ಜೋರಾಗಿಯೇ ಹೇಳುತ್ತೇನೆ. ಬೆವರು ಸುರಿಸಿ ಗಳಿಸಿದ್ದನ್ನು ಮೆಲ್ಲಗೆ ಯಾಕೆ ಹೇಳಬೇಕು?

ಅಂಥವಳನ್ನು ಈ ವಯಸ್ಸಿನಲ್ಲಿ ಕೆಡವಿದ್ದು ಯಾವುದು ಗೊತ್ತೇ? ಡ್ರೈವಿಂಗ್ ಥಿಯರಿ ಟೆಸ್ಟ್.

ಇಲ್ಲಿ ರಸ್ತೆಯ ಮೇಲೆ ಪರೀಕ್ಷೆ ಕೊಡುವ ಮೊದಲು ಕಂಪ್ಯೂಟರ್ ಮುಂದೆ ಕೂತು ಒಂದು ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಎರಡು ಭಾಗ. ಮೊದಲನೆಯದು ಪ್ರಶ್ನೋತ್ತರ. ಅದು ನನಗೆ ನೀರು ಕುಡಿದಷ್ಟು ಸಲೀಸು. ಎರಡನೆಯದರಲ್ಲಿ ರಸ್ತೆಯ ವಿಡಿಯೊಗಳು ಓಡುತ್ತವೆ; ಎಲ್ಲಿ ಅಪಾಯ ಹುಟ್ಟುತ್ತಿದೆ ಅನ್ನಿಸುತ್ತದೋ ಅಲ್ಲಿ ಮೌಸ್ ಒತ್ತಬೇಕು. ಬೇಗ ಗುರುತಿಸಿದಷ್ಟೂ ಅಂಕ ಹೆಚ್ಚು. ಒಂದರಲ್ಲಿ ಬಿದ್ದರೂ ಎರಡರಲ್ಲೂ ಬಿದ್ದಂತೆ. ನಾನು ಬಿದ್ದದ್ದು ಈ ಅಪಾಯದಲ್ಲಿ.

‘ಹೋಗಲಿ ಬಿಡು, ಟ್ಯೂಬ್ ರೈಲಿದೆ, ಬಸ್ ಇದೆ’ ಅನ್ನುತ್ತೀರಾ? ನಾನೂ ಇಷ್ಟು ವರ್ಷ ಹಾಗೇ ಅಂದುಕೊಂಡು ಹೌನ್ಸ್ಲೋದಿಂದ ಆಸ್ಪತ್ರೆಗೆ ಬಸ್ಸಿನಲ್ಲೇ ಓಡಾಡಿದೆ. ಅಲ್ಲಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಈಗ ಅಕ್ಸ್‌ಬ್ರಿಡ್ಜ್ ದಾಟಿ ಇನ್ನೊಂದು ಲ್ಯಾಬ್ ತೆರೆಯುತ್ತಿದ್ದಾರೆ. ಎರಡನ್ನೂ ನೋಡಿಕೊಳ್ಳಲು ಒಬ್ಬ ಸೂಪರ್‌ವೈಸರ್ ಬೇಕು. ಈ ಹುದ್ದೆಗಾಗಿ ನಾನು ಕಾದ ವರ್ಷಗಳನ್ನು ಎಣಿಸುವುದೇ ಬೇಡ. ಮ್ಯಾನೇಜರ್ ಕರೆದು, ‘ನೀವೇ ಸರಿಯಾದವರು. ಆದರೆ ದಿನಕ್ಕೆರಡು ಸಲ ಅಲ್ಲಿಗೂ ಇಲ್ಲಿಗೂ ಓಡಾಡಬೇಕಲ್ಲ, ಲೈಸೆನ್ಸ್ ಬೇಕೇ ಬೇಕು. ಚಳಿಗಾಲದವರೆಗೆ ಕಾಯಬಲ್ಲೆ’ ಅಂದರು. ರಸ್ತೆ ಪರೀಕ್ಷೆಗೆ ಇಲ್ಲಿ ತಿಂಗಳುಗಟ್ಟಲೆ ಕ್ಯೂ. ಥಿಯರಿ ಪಾಸಾಗದೆ ಆ ಕ್ಯೂನಲ್ಲಿ ನಿಲ್ಲಲೂ ಬಿಡುವುದಿಲ್ಲ. ಚಳಿಗಾಲ ಮಾತ್ರ ಯಾರಿಗೂ ಕಾಯುವುದಿಲ್ಲ.

ಮನೆಗೆ ಬಂದೆ. ಮಗಳು, ‘ಮಮ್ಮಿ, ಯೂ ಫೇಲ್ಡ್? ಯೂ?’ ಎಂದು ಕಣ್ಣರಳಿಸಿದಳು. ದನಿಯಲ್ಲಿ ದುಃಖ ಇರಲಿಲ್ಲ, ಇದ್ದದ್ದು ಹಬ್ಬ.

ಗಂಡ ಬಸವರಾಜ ಸಾಫ್ಟ್‌ವೇರಿನವರು. ಅವರಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧ.

‘ಪ್ರಾಕ್ಟೀಸ್ ಕಮ್ಮಿ ಬಿದ್ದೈತಿ. ಇನ್ನೊಂದ ಆ್ಯಪ್ ಹಾಕ್ಕೋ.’

‘ಊರಾಗ ಅಷ್ಟ ವರ್ಷ ಸ್ಕೂಟಿ ಹೊಡದೀನಿ. ರಸ್ತೆ ಮ್ಯಾಲಿನ ಅಪಾಯ ಏನಂತ ನನಗ ಇವರು ಕಲಸ್ತಾರೇನು?’

‘ಊರಾಗ ನೀನ ಅಪಾಯ ಇದ್ದೆಲ್ಲ!’

ಅವತ್ತು ಅವರಿಗೆ ಚಹಾ ಸಿಗಲಿಲ್ಲ. ಆದರೆ ಇನ್ನೊಂದು ಆ್ಯಪ್ ಹಾಕಿಕೊಂಡೆ.

ಆಗಲೇ ಫೋನಿನಲ್ಲಿ ಏನೇನಿತ್ತು ಕೇಳಿ. ಎರಡು ಆ್ಯಪ್. ನಾಲ್ಕೈದು ಯೂಟ್ಯೂಬ್ ಚಾನೆಲ್. ಯಾರೋ ಸೇರಿಸಿದ ಒಂದು ವಾಟ್ಸ್‌ಆ್ಯಪ್ ಗ್ರೂಪ್, ಅದರಲ್ಲಿ ದಿನಾ ಒಬ್ಬರು ‘ಪಾಸಾದೆ’ ಎಂದು ಹಾಕುವ ಪಟಾಕಿಯ ಚಿತ್ರ. ಒಬ್ಬ ಕೂಡಲೇ ಒತ್ತಿ ಅನ್ನುತ್ತಾನೆ. ಇನ್ನೊಬ್ಬಳು ಒಂದೆರಡು ಕ್ಷಣ ತಡೆಯಿರಿ ಅನ್ನುತ್ತಾಳೆ. ಯಾರನ್ನು ನಂಬುವುದು? ನಾನು ನಂಬಿದ್ದು ಕನ್ನಡದವನನ್ನು. ನಮ್ಮ ಕಡೆಯದೇ ಮಾತು, ಸಮಾಧಾನದ ದನಿ, ಬಿಡಿಸಿ ಬಿಡಿಸಿ ಹೇಳುವ ಚೆಂದ. ‘ಒಂದೇ ಸಲ ಒತ್ರಿ, ವಿಚಾರ ಮಾಡಿ ಒತ್ರಿ’ ಎಂಬುದು ಅವನ ಮಂತ್ರ. ಕನ್ನಡದಲ್ಲಿ ಹೇಳಿದ ಮೇಲೆ ಅದು ತಪ್ಪಾಗುವುದುಂಟೇ?

ಸುಮ್ಮನೆ ದೂರುತ್ತಿಲ್ಲ. ಇದೆಲ್ಲ ಪುಕ್ಕಟೆ ಸಿಗುತ್ತದಲ್ಲ, ನನಗೆ ಇವತ್ತಿಗೂ ಸೋಜಿಗವೇ. ಬಸ್ಸಿನಲ್ಲಿ ಕೂತು ಕಲಿಯಬಹುದು. ಕುಕ್ಕರ್ ಕೂಗುವಾಗ ನಿಲ್ಲಿಸಬಹುದು. ಹತ್ತು ಸಲ ಕೇಳಿದರೂ ‘ತಲೆಯಲ್ಲಿ ಏನು ತುಂಬಿದೆ’ ಎಂದು ಯಾರೂ ಬಯ್ಯುವುದಿಲ್ಲ. ನನಗೂ ನನ್ನ ಓರಗೆಯವರಿಗೂ ಆಗ ಇಂಥದ್ದೊಂದು ಸಿಕ್ಕಿದ್ದರೆ!

ಬಿ.ಎಸ್ಸಿ. ಓದುವಾಗ ನಮಗೆ ಸಿಕ್ಕಿದ್ದು ಒಂದು ಗೈಡ್. ಮೂವರು ಹುಡುಗಿಯರಿಗೆ ಒಂದು. ಕೆಮಿಸ್ಟ್ರಿಯದು, ಸೀನಿಯರ್ ಒಬ್ಬಳು ಕೊಟ್ಟು ಹೋದದ್ದು. ಬೈಂಡಿಂಗಿನ ದಾರ ಬಿಚ್ಚಿ ಅದನ್ನು ಮೂರು ಭಾಗ ಮಾಡಿದೆವು. ಒಬ್ಬೊಬ್ಬಳಿಗೆ ಒಂದೊಂದು. ಭಾಗ ಬದಲಾಯಿಸಿಕೊಳ್ಳುವ ದಿನ ಜಗಳವೋ ಜಗಳ. ‘ಇದು ಹ್ಯಾಂಗ ಬಂತು?’ ‘ಗೈಡಿನ್ಯಾಗ ಹಂಗ ಐತಿ.’ ‘ಗೈಡಿನ್ಯಾಗ ಇದ್ರ ಇರಲಿ, ಹ್ಯಾಂಗ ಬಂತು ಹೇಳು.’ ಆಗ ಅದನ್ನು ನಾನು ಬಡತನ ಅಂದುಕೊಂಡಿದ್ದೆ.

ಇರಲಿ, ಕಥೆಗೆ ಬರೋಣ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಬ್ಬರು ಡಾಕ್ಟರ ಹತ್ತಿರ ನನ್ನ ಗೋಳು ತೋಡಿಕೊಂಡೆ. ಮೈಸೂರಿನವರು, ಅರಿವಳಿಕೆ ಕೊಡುವ ಡಾಕ್ಟರು. ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ‘ಅಯ್ಯೋ ಬಿಡ್ರೀ, ನಾನೂ ಎರಡ್ ಸಲ ಡುಮ್ಕಿ. ಅದೇ ವಿಡಿಯೋನಲ್ಲೇ. ನಮ್ಮನೆಯವ್ರಿಗೂ ಹೇಳಿಲ್ಲ’ ಅಂದರು. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸಬೇಕು ಎಂಬುದೊಂದೇ ಷರತ್ತು. ವಸುಧಾ ಎಂದಿಟ್ಟಿದ್ದೇನೆ.)

ಶನಿವಾರ ಮಧ್ಯಾಹ್ನ ಅಕ್ಸ್‌ಬ್ರಿಡ್ಜ್‌ನ ಅವರ ಫ್ಲ್ಯಾಟಿಗೆ ಹೋದೆ. ಬರಿಗೈಲಿ ಹೋಗುವುದು ಹೇಗೆಂದು ಒಂದು ಡಬ್ಬಿಯಲ್ಲಿ ಗಿರಮಿಟ್ ಮಾಡಿ ಒಯ್ದಿದ್ದೆ.

‘ಓ, ಚುರುಮುರಿನಾ!’

‘ಚುರುಮುರಿ ಅಲ್ರಿ, ಗಿರಮಿಟ್ಟ. ತಿಂದ ನೋಡ್ರಿ, ಆಮ್ಯಾಲೆ ಹೆಸರು ಇಡ್ರಿ.’

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದು ವಿಡಿಯೊ ಹಾಕಿದೆವು. ಮನೆಗಳ ಸಾಲು, ಎರಡೂ ಬದಿ ನಿಂತ ಕಾರುಗಳು, ದೂರದಲ್ಲೊಂದು ಐಸ್‌ಕ್ರೀಂ ವ್ಯಾನು. ನಾನು ಟಪ್ಪೆಂದು ಒತ್ತಿದೆ.

‘ಯಾಕ್ರೀ ಒತ್ತಿದ್ರಿ? ರಸ್ತೇಲಿ ಒಂದ್ ನರಪಿಳ್ಳೆ ಇಲ್ಲ!’

‘ಐಸ್‌ಕ್ರೀಂ ಗಾಡಿ ನಿಂತೈತಲ್ರಿ.’

‘ನಿಂತಿದೆ. ನಿಂತಿರೋ ಗಾಡಿ ಏನ್ ಮಾಡತ್ತೆ?’

‘ಗಾಡಿ ಏನ್ ಮಾಡತೈತ್ರಿ, ಹುಡುಗ್ರು ಓಡಿ ಬರ್ತಾವ.’

‘ಎಲ್ಲಿ ಹುಡುಗ್ರು?’

‘ಬರ್ತಾವ, ತಡೀರಿ.’

ಬಂದಳು. ವ್ಯಾನಿನ ಹಿಂದಿನಿಂದ ಪುಟ್ಟ ಹುಡುಗಿಯೊಬ್ಬಳು ಕೋನ್ ಹಿಡಿದು ರಸ್ತೆಗೆ ಇಳಿದೇಬಿಟ್ಟಳು. ಅವಳು ರಸ್ತೆಯ ನಡುವೆ ಬಂದ ಮೇಲೆ ಡಾಕ್ಟರು ತಮ್ಮ ಪಾಲಿನದನ್ನು ಫೋನಿನಲ್ಲಿ ಒತ್ತಿದರು. (ಇಬ್ಬರದೂ ಅದೇ ಆ್ಯಪ್, ಅದೇ ವಿಡಿಯೊ; ನಾನು ಲ್ಯಾಪ್‌ಟಾಪಿನಲ್ಲಿ, ಅವರು ಫೋನಿನಲ್ಲಿ ಒಟ್ಟಿಗೇ ಶುರು ಮಾಡಿದ್ದೆವು.)

ಫಲಿತಾಂಶ ಬಂತು. ಡಾಕ್ಟರಿಗೆ ಒಂದು ಅಂಕ. ನನಗೆ ಸೊನ್ನೆ.

‘ನೋಡಿದ್ರಾ?’ ಎಂದು ಹುಬ್ಬು ಹಾರಿಸಿದರು.

‘ಕೂಸು ಬಾನೆಟ್ ಮ್ಯಾಲೆ ಬಂದ ಮ್ಯಾಲೆ ಒತ್ತತೀರಲ್ರಿ ಡಾಕ್ಟ್ರ! ರೋಗ ಪೂರಾ ಆಗೂತನಕ ಕಾಯೂ ಚಟ ನಿಮ್ಮದು.’

‘ನಿಮ್ ಚಟ ಏನು ಮತ್ತೆ? ರೋಗಿ ಇನ್ನೂ ಮನೇಲಿರೋವಾಗ್ಲೇ ರಿಪೋರ್ಟ್ ಬರಿಯೋದಾ?’

ನಗು ನಿಂತ ಮೇಲೆ ಇಬ್ಬರೂ ಆ ಸೊನ್ನೆಯನ್ನೇ ನೋಡಿದೆವು. ಅಪಾಯ ಮೊದಲು ಕಂಡವಳು ನಾನು. ತಡವಾಗಿ ಕಂಡವರಿಗೆ ಒಂದಾದರೂ ಸಿಕ್ಕಿದೆ. ಇದ್ಯಾವ ಲೆಕ್ಕ? ಆ್ಯಪ್ ಕಾರಣ ಹೇಳಲಿಲ್ಲ. ‘ಇನ್ನಷ್ಟು ಅಭ್ಯಾಸ ಮಾಡಿ’ ಎಂಬ ಅರ್ಥದ ಒಂದು ಸಾಲು, ಪಕ್ಕದಲ್ಲಿ ಬೇಜಾರಿನ ಮುಖದ ಗೊಂಬೆ. ಅಷ್ಟೇ.

ಇಷ್ಟು ದಿನ ಆ ಗೊಂಬೆಯ ಮಾತು ನಂಬಿದ್ದೆ ನೋಡಿ! ಲ್ಯಾಬಿನಲ್ಲಿ ಒಂದು ಸ್ಯಾಂಪಲ್ಲಿಗೆ ಸೊನ್ನೆ ಬಂದರೆ ನಾವು ರೋಗಿಯ ಮೈಯಲ್ಲಿ ರಕ್ತವೇ ಇಲ್ಲ ಅನ್ನುತ್ತೇವೆಯೇ? ಅದೇ ಸ್ಯಾಂಪಲ್ ಮತ್ತೆ ಹಾಕುತ್ತೇವೆ, ಒಂದೊಂದೇ ಬದಲಿಸಿ ನೋಡುತ್ತೇವೆ. ಅದೇ ಮಾಡಿದೆವು. ಅದೇ ವಿಡಿಯೊ, ಅದೇ ಹುಡುಗಿ. ವ್ಯಾನು ಕಂಡಾಗ ಒತ್ತಿದರೆ ಸೊನ್ನೆ. ವ್ಯಾನಿನ ಮರೆಯಿಂದ ಅವಳ ಷೂ ಕಂಡಾಗ ಒತ್ತಿದರೆ ಪೂರ್ತಿ ಐದು. ಆಮೇಲೆ ನಾಲ್ಕು, ಮೂರು ಎಂದು ಇಳಿಯುತ್ತ ಹೋಗುತ್ತದೆ.

ಅಂದರೆ ಅಪಾಯಕ್ಕೂ ಒಂದು ಬಾಗಿಲಿದೆ. ತೆರೆದೊಡನೆ ಹೊಕ್ಕವರಿಗೆ ಐದು. ತೆರೆಯುವ ಮೊದಲೇ ಬಂದು ನಿಂತವಳು ಲೆಕ್ಕಕ್ಕೇ ಇಲ್ಲ! ಲಾರಿಗಳ ನಡುವೆ ಸ್ಕೂಟಿ ಓಡಿಸಿದ ಕಣ್ಣು ನನ್ನದು. ನಮ್ಮೂರಿನ ರಸ್ತೆಯಲ್ಲಿ ಬಾಗಿಲು ತೆರೆಯುವವರೆಗೆ ಕಾದಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿರಲಿಲ್ಲ.

‘ಸರಿ ಕಣ್ರೀ,’ ಅಂದರು ಡಾಕ್ಟರು, ‘ಮೊದಲನೇದು ಬೇಗ ಆಯ್ತು. ಹುಡುಗಿ ಬಂದಾಗ ಇನ್ನೊಂದ್ ಸಲ ಯಾಕ್ ಒತ್ತಲಿಲ್ಲ?’

‘ಒಂದ ಸಲ ಒತ್ತಬೇಕ್ರಿ. ಎರಡನೇ ಸಲ ಒತ್ತಿದ್ರ ಮೋಸ ಅಂತ ಹಿಡೀತಾರ.’

‘ಯಾರು ಹೇಳಿದ್ದು?’

ಹೆಮ್ಮೆಯಿಂದ ನನ್ನ ಕನ್ನಡದ ಗುರುವಿನ ವಿಡಿಯೊ ತೆಗೆದೆ. ರೂಢಿಯಂತೆ ಮೊದಲ ಭಾಗ ಹಾರಿಸಲು ಬೆರಳು ಹೋಯಿತು.

‘ಯಾಕ್ರೀ ಓಡಿಸ್ತೀರಾ? ಮೊದ್ಲಿಂದ ಹಾಕಿ.’

‘ಮೊದಲಿಗೆ ಏನಿರತೈತ್ರಿ, ನಮಸ್ಕಾರ, ಲೈಕ್ ಮಾಡ್ರಿ, ಅಷ್ಟ.’

‘ಇರ್ಲಿ, ನಮಸ್ಕಾರ ಹೇಳಿಸ್ಕೊಂಡ್ರೆ ಏನ್ ನಷ್ಟ?’

ಹಾಕಿದೆ. ಸಮಾಧಾನದ ದನಿ ಕೈಮುಗಿಯಿತು: ‘ಎಲ್ಲರಿಗೂ ನಮಸ್ಕಾರ. ಮೆಲ್ಬೋರ್ನಿನ ನಮ್ಮ ಕನ್ನಡ ಬಂಧುಗಳಿಗೆ...’

ಡಾಕ್ಟರ ಬಾಯಲ್ಲಿದ್ದ ಗಿರಮಿಟ್ ಮೇಜಿನ ಮೇಲೆಲ್ಲ ಹಾರಿತು.

ಆಸ್ಟ್ರೇಲಿಯಾ! ಅಲ್ಲಿಯೂ ಎಡಬದಿಯ ರಸ್ತೆ. ಅಲ್ಲಿಯೂ ಇಂಥದ್ದೇ ಒಂದು ಪರೀಕ್ಷೆ. ಕಣ್ಣಿಗೆ ಅನುಮಾನ ಬರುವಂಥದ್ದು ಏನೂ ಇಲ್ಲ. ಪಾಪ, ಅವನು ಮೊದಲ ವಾಕ್ಯದಲ್ಲೇ ತಾನೆಲ್ಲಿರುವವನು ಎಂದು ಹೇಳಿದ್ದಾನೆ. ನಾನು ಪ್ರತಿ ಸಲವೂ ಆ ವಾಕ್ಯವನ್ನೇ ಹಾರಿಸಿದ್ದೇನೆ. ‘ಒಂದೇ ಸಲ’ ಎಂಬುದು ಅಲ್ಲಿನ ಪರೀಕ್ಷೆಯ ಮಾತು. ಇಲ್ಲಿನ ನಿಯಮ ಹುಡುಕಿ ನೋಡಿದೆವು. ಎರಡನೇ ಸಲ ಒತ್ತುವುದರಲ್ಲಿ ಯಾವ ಮೋಸವೂ ಇಲ್ಲ. ಹುಚ್ಚರಂತೆ ಒತ್ತುತ್ತಲೇ ಇದ್ದರೆ ಮಾತ್ರ ಸೊನ್ನೆ.

ಆ ನಿಯಮದ ಪುಟ ಮೊದಲೂ ಅಲ್ಲೇ ಇತ್ತು. ಆನ್‌ಲೈನಿನಲ್ಲಿ ಹುಡುಕಿದರೆ ಎಲ್ಲವೂ ಇರುತ್ತದೆ, ಒಪ್ಪಿದೆ. ಆದರೆ ನನಗೆ ಗೊತ್ತಿಲ್ಲದ್ದು ಯಾವುದು ಎಂಬುದೇ ನನಗೆ ಗೊತ್ತಿಲ್ಲದಿರುವಾಗ ಏನೆಂದು ಹುಡುಕಲಿ? ಒಬ್ಬಳೇ ಕೂತು ದಿನಾ ಅಭ್ಯಾಸ ಮಾಡಿದ್ದೇನೋ ನಿಜ. ಅಭ್ಯಾಸ ಮಾಡಿ ಮಾಡಿ ತಪ್ಪನ್ನೇ ಪಕ್ಕಾ ಮಾಡಿಕೊಂಡಿದ್ದೆ.

ಡಾಕ್ಟರಿಗೆ ಉತ್ತರ ಗೊತ್ತಿತ್ತೇ? ಇಲ್ಲ. ಎರಡು ಸಲ ಡುಮ್ಕಿ ಹೊಡೆದವರು ಅವರು. ನನಗೆ ಗೊತ್ತಿತ್ತೇ? ಅದೂ ಇಲ್ಲ. ಆದರೆ ನನ್ನ ತಪ್ಪು ಅವರಿಗೆ ವಿಚಿತ್ರವಾಗಿ ಕಂಡಿತು, ಅವರದು ನನಗೆ. ನಿಂತ ವ್ಯಾನು ಕಂಡರೆ ಕಾಣದ ಮಗುವನ್ನು ನೆನೆಯಬೇಕು ಎಂದು ಅವರಿಗೆ ಹೇಳಿದೆ. ನೆನೆದ ಮಗು ಕಣ್ಣಿಗೆ ಬೀಳುವಾಗ ಇನ್ನೊಮ್ಮೆ ಒತ್ತಬೇಕು ಎಂದು ಅವರು ನನಗೆ ಹೇಳಿದರು. ಇದನ್ನು ಪಾಠ ಅನ್ನುತ್ತಾರೋ ಜಗಳ ಅನ್ನುತ್ತಾರೋ ತಿಳಿಯದು. ದಾರ ಬಿಚ್ಚಿದ ಆ ಗೈಡಿನ ಸುತ್ತ ನಡೆಯುತ್ತಿದ್ದದ್ದೂ ಇದೇ. ಆಗ ಪುಸ್ತಕ ಸಾಲದೆ ಮೂವರು ಒಂದೆಡೆ ಕೂರುತ್ತಿದ್ದೆವು. ಈಗ ಒಬ್ಬೊಬ್ಬರ ಕೈಯಲ್ಲೂ ನೂರು ಗೈಡ್ ಇದೆ, ಹಾಗಾಗಿ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿದ್ದೇವೆ. ಇದಕ್ಕೆ ಏನು ಮಾಡುವುದೋ ನನಗೂ ಗೊತ್ತಿಲ್ಲ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ಕೋರ್ಸ್ ನೋಡುವವರನ್ನು ಕಂಡಾಗ ಮಾತ್ರ ಈಚೆಗೆ ಕುತೂಹಲವಾಗುತ್ತದೆ. ಇವರಿಗೆ ‘ಇದು ಹೇಗೆ ಬಂತು?’ ಎಂದು ಕೇಳುವವರು ಯಾರಾದರೂ ಇದ್ದಾರೆಯೇ?

ಕಳೆದ ಮಂಗಳವಾರ ಮತ್ತೆ ಪರೀಕ್ಷೆಗೆ ಕೂತೆ. ಎಲ್ಲ ವಿಡಿಯೊಗಳಲ್ಲೂ ಮೊದಲು ನನ್ನ ಸಮಾಧಾನಕ್ಕೆ ಒಂದು ಸಲ ಒತ್ತಿದೆ, ಆಮೇಲೆ ಕಂಪ್ಯೂಟರಿನ ಸಮಾಧಾನಕ್ಕೆ ಇನ್ನೊಂದು ಸಲ.

ಪಾಸು.

ಹೊರಗೆ ಬಂದು ಮೊದಲು ಮಾಡಿದ ಕೆಲಸ ರಸ್ತೆ ಪರೀಕ್ಷೆಯ ಕ್ಯೂಗೆ ಸೇರಿದ್ದು. ಸಿಕ್ಕ ದಿನಾಂಕ ಮ್ಯಾನೇಜರ್ ಹೇಳಿದ ಗಡುವಿನ ಒಳಗೇ ಇದೆ, ಕೂದಲೆಳೆಯಷ್ಟು. ಹುದ್ದೆ ಇನ್ನೂ ಕೈಗೆ ಬಂದಿಲ್ಲ, ಆದರೆ ಕೈ ಜಾರಿಯೂ ಇಲ್ಲ. ಬಸವರಾಜರಿಗೆ ಹೇಳಿದೆ. ‘ನಾ ಹೇಳ್ಲಿಲ್ಲೇನು, ಇನ್ನೊಂದ ಆ್ಯಪ್ ಹಾಕ್ಕೋ ಅಂತ?’ ಅಂದರು. (ಅವತ್ತೂ ಚಹಾ ಇಲ್ಲ.) ಮಾರನೆಯ ದಿನ ಡಾಕ್ಟರ ಮೆಸೇಜು ಬಂತು: ‘ಪಾಸ್ ಕಣ್ರೀ! ನಿಂತಿರೋ ಗಾಡಿ ಕಂಡಾಗೆಲ್ಲ ನಿಮ್ ಮುಖಾನೇ ಎದುರಿಗೆ ಬರ್ತಿತ್ತು.’ ಹೊಗಳಿಕೆಯೋ ಅಲ್ಲವೋ, ಇಟ್ಟುಕೊಂಡಿದ್ದೇನೆ.

ಅದೇ ಸಂಜೆ, ಪಾಸಾದೆ ಎಂದು ಅದರಲ್ಲಿ ಗುರುತು ಹಾಕಿದ್ದೇ ತಡ, ಆ್ಯಪ್ ಕೂಡ ಮಾತಾಡಿತು. ಬೇಜಾರಿನ ಗೊಂಬೆ ಈಗ ಹಲ್ಲು ಕಿರಿಯುತ್ತಿತ್ತು. ನಾನು ಪಾಸಾದದ್ದು ತನಗೆ ಬಹಳ ಸಂತೋಷವಂತೆ. ತನಗೆ ಐದಕ್ಕೆ ಐದು ನಕ್ಷತ್ರ ಕೊಡಬೇಕಂತೆ.

ಇಷ್ಟು ದಿನ ಅದು ನನ್ನನ್ನು ಒಮ್ಮೆಯೂ ಕೇಳದ ಪ್ರಶ್ನೆಯನ್ನು ಈಗ ನಾನೇ ಅದಕ್ಕೆ ಕೇಳಿದೆ: ‘ಯಾಕ?’