ಹತ್ತು ಮಕ್ಕಳು, ಒಂದೇ ಮೈಬಿಸಿ

ಎರಡು ದಿನದ ರಜೆ ಮುಗಿಸಿ ಬೆಳಿಗ್ಗೆ ಏಳೂವರೆಗೆ ನವಜಾತ ಶಿಶುಗಳ ವಾರ್ಡಿಗೆ ಬಂದ ದೊಡ್ಡ ಸಿಸ್ಟರ್ ಯಾರ ನಮಸ್ಕಾರಕ್ಕೂ ಕಾಯಲಿಲ್ಲ. ಕೈ ತೊಳೆದು, ಒರೆಸಿ, ಮೂರನೇ ತೊಟ್ಟಿಲಿನ ಹೊದಿಕೆಯೊಳಗೆ ಬೆರಳ ಹಿಂಬದಿ ತೂರಿಸಿದರು. ಮಗುವಿನ ಹೊಟ್ಟೆ ಬೆಚ್ಚಗಿತ್ತು, ಪಾದ ತಣ್ಣಗಿತ್ತು; ಮೈಬಿಸಿ ಇಳಿಯತೊಡಗಿದ ಗುರುತು. ತೊಟ್ಟಿಲಿಗೆ ನೇತುಹಾಕಿದ ಹಾಳೆಯಲ್ಲಿ ಮಾತ್ರ, ಅರ್ಧ ಗಂಟೆ ಹಿಂದಿನ ಮೈಬಿಸಿ ಮೂವತ್ತಾರು ಪಾಯಿಂಟ್ ಎಂಟು ಎಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿತ್ತು.

ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಹೊದಿಕೆ ಹೊದಿಸಿ ಬಂದರು. ಆಮೇಲೆ ಉಳಿದ ಹಾಳೆಗಳನ್ನು ನೋಡಿದರು. ಹನ್ನೆರಡು ಮಕ್ಕಳಲ್ಲಿ ಹತ್ತಕ್ಕೆ, ಎರಡು ದಿನವೂ, ಅದೇ ಮೂವತ್ತಾರು ಪಾಯಿಂಟ್ ಎಂಟು.

ಇಪ್ಪತ್ನಾಲ್ಕು ವರ್ಷ ಇದೇ ವಾರ್ಡಿನಲ್ಲಿ ಸವೆದವರು ಅವರು. ಕೆಲಸ ಕಲಿಸಿದ್ದು ಓದುಬರಹ ಬಾರದ ಒಬ್ಬ ಮುದುಕಿ ಆಯಾ. ದೊಡ್ಡ ಸಿಸ್ಟರ್ ಮಗಳ ಮನೆಗೆ ಹೋದರೂ ಮೊದಲು ಮೊಮ್ಮಗನ ಪಾದ ಮುಟ್ಟಿ, ಆಮೇಲೆ ಮಗಳನ್ನು ಮಾತಾಡಿಸುತ್ತಾರೆ. ಬಸ್ ಕಂಡಕ್ಟರಾಗಿ ನಿವೃತ್ತರಾದ ಗಂಡ, ಇವಳ ಬಾಯಿಗೆ ಬ್ರೇಕ್ ಹಾಕಿಸುವುದು ಬಿಟ್ಟುಹೋಯಿತು ಎನ್ನುತ್ತಾರೆ. ಹೊಸ ಹುಡುಗಿಯರು ಬೆನ್ನ ಹಿಂದೆ ಇಟ್ಟ ಹೆಸರು ‘ಹೀಟರ್’.

ಆ ಹುಡುಗಿಯರು ಆರು ಮಂದಿ. ತಲಾ ಎರಡು ಮಗು. ಆರು ವಾರದ ತರಬೇತಿ ಅಂದಿಗೆ ಮುಗಿಯುತ್ತಿತ್ತು. ದೊಡ್ಡ ಸಿಸ್ಟರ್ ಯಾರ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೋ ಅವರು ಸೋಮವಾರದಿಂದ ಒಬ್ಬರೇ ಮಕ್ಕಳನ್ನು ನೋಡಿಕೊಳ್ಳಬೇಕು.

ಥರ್ಮಾಮೀಟರ್ ಯಾರ ಹತ್ತಿರ ಇದೆ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಐದು ಕೈ ಐದು ಜೇಬಿಗೆ ಹೋಯಿತು. ಅದು ಇದ್ದದ್ದು ಮೇಜಿನ ಡ್ರಾಯರಿನಲ್ಲಿ, ಸೆಲ್ ಸತ್ತು ಎರಡು ದಿನವಾಗಿತ್ತು.

“ಏನಮ್ಮ, ಹತ್ತು ಮಕ್ಕಳೂ ಮಾತಾಡಿಕೊಂಡು ಒಂದೇ ಬಿಸಿ ಇಟ್ಕೊಂಡಿದ್ದಾವಾ?”

ಮುತ್ತಿನಂಥ ಅಕ್ಷರದವಳು ಮೆಲ್ಲಗೆ ಹೇಳಿದಳು: “ಕ್ಲಾಸಲ್ಲಿ ಗೊಂಬೆ ಇಟ್ಟು ಕಲಿಸಿದಾಗ ಕೊಟ್ಟ ಮಾದರಿ ಹಾಳೇಲಿ ಅಷ್ಟೇ ಇತ್ತು ಸಿಸ್ಟರ್. ಖಾಲಿ ಬಿಟ್ರೆ ಅಂಕ ಕಳೀತಾರೆ.”

“ಅದು ಗೊಂಬೆ ಕಣೇ ತಾಯಿ. ಗೊಂಬೆಗೆ ಸಾಯೋ ಅಭ್ಯಾಸ ಇಲ್ಲ.”

ಆರನೆಯವಳ ಹಾಳೆ ಕೋಳಿ ಕೆದರಿದ ತಿಪ್ಪೆಯಂತಿತ್ತು. ಮೈಬಿಸಿಯ ಕಾಲಂ ಖಾಲಿ, ಅಂಚಿನಲ್ಲಿ ವಕ್ರವಕ್ರವಾಗಿ: ಥರ್ಮಾಮೀಟರ್ ಕೆಟ್ಟಿದೆ, ಪಾದ ತಣ್ಣಗೆ, ಹೊಟ್ಟೆ ಬೆಚ್ಚಗೆ, ಅಮ್ಮನ ಹತ್ತಿರ ಮಲಗಿಸಿದೆ, ಒಂದು ಗಂಟೆ ಬಿಟ್ಟು ನೋಡಿದಾಗ ಪಾದವೂ ಬೆಚ್ಚಗೆ. ಹೊಸ ಸೆಲ್ ಕೇಳಲು ಉಗ್ರಾಣಕ್ಕೂ ಹೋಗಿದ್ದಳಂತೆ. ಅರ್ಜಿ ಬರೆದು ತಾ ಎಂದು ಗುಮಾಸ್ತ ಕಳಿಸಿದ್ದನಂತೆ.

ಹತ್ತು ಗಂಟೆಗೆ ತರಬೇತಿ ಸಂಯೋಜಕರು ಫೈಲು ಹಿಡಿದು ಬಂದರು. ಸಾಹೇಬರು ನವಜಾತ ಶಿಶುಗಳ ಬಗ್ಗೆ ಮೂರು ಗಂಟೆ ನಿಲ್ಲದೆ ಪಾಠ ಮಾಡಬಲ್ಲರು, ಮಗುವಿನ ಕತ್ತಿನ ಕೆಳಗೆ ಕೈ ಕೊಡಲು ಬಾರದು. ಐದು ಮಂದಿ ಪಾಸು, ಆರನೆಯವಳ ದಾಖಲೆ ಅಪೂರ್ಣ, ಆದ್ದರಿಂದ ಫೇಲು ಎಂದು ಓದಿ ಹೇಳಿ, ಪೆನ್ನು ಮುಂದೆ ಹಿಡಿದರು.

ದೊಡ್ಡ ಸಿಸ್ಟರ್ ಸತ್ತ ಥರ್ಮಾಮೀಟರನ್ನು ಅವರ ಅಂಗೈಗಿಟ್ಟರು. “ಇದರಲ್ಲಿ ಮೂವತ್ತಾರು ಪಾಯಿಂಟ್ ಎಂಟು ತೋರ್ಸಿ ಸರ್. ತೋರಿಸಿದ್ರೆ ಐದಕ್ಕೂ ಸಹಿ ಹಾಕ್ತೀನಿ.”

ಅವರು ಗುಂಡಿಯನ್ನು ಎರಡು ಸಲ ಒತ್ತಿದರು. ಮೂರನೆಯ ಸಲ ಒತ್ತುವ ಮುನ್ನ, ಹುಡುಗಿಯರು ನೋಡುತ್ತಿರುವುದು ತಿಳಿದು ಕೈ ಇಳಿಸಿದರು. ಇದೊಂದು ಸಣ್ಣ ತಾಂತ್ರಿಕ ವಿಷಯ, ಮೇಲಿನವರಿಗೆ ಆರರಲ್ಲಿ ಐದು ಪಾಸು ಎಂದು ಆಗಲೇ ತಿಳಿಸಿಯಾಗಿದೆ ಎಂದರು.

“ನೀವು ಬರೆಯೋದೂ ಹಾಗೇನಾ? ನೋಡೋಕ್ ಮುಂಚೆ?” ಎಂದು ಕೇಳಿ, ದೊಡ್ಡ ಸಿಸ್ಟರ್ ಆರನೆಯವಳ ಪ್ರಮಾಣಪತ್ರವೊಂದನ್ನೇ ಎಳೆದುಕೊಂಡು ಸಹಿ ಹಾಕಿದರು. ಹಾಕುತ್ತಲೇ, ಅಕ್ಷರ ತಿದ್ದಿಕೋ, ಓದೋರ ಕಣ್ಣು ಹೋಗುತ್ತೆ ಎಂದು ಅವಳಿಗೂ ಒಂದು ಮಾತು ಚುಚ್ಚಿದರು. ಅವಳು ತಲೆಯಾಡಿಸಿ ತನ್ನ ಮಕ್ಕಳ ಕಡೆ ಹೋದಳು.

ಸೋಮವಾರ ಅವಳೊಬ್ಬಳೇ ಬೆಳಗಿನ ಪಾಳಿಗೆ ಸೇರಿದಳು. ಉಳಿದ ಐವರು ಇನ್ನೂ ಎರಡು ವಾರ ದೊಡ್ಡ ಸಿಸ್ಟರ್ ಕೈಕೆಳಗೆ ಇರಬೇಕೆಂದು ಆದೇಶವಾಯಿತು. ಅದೇ ಆದೇಶದ ಎರಡನೇ ಪುಟದಲ್ಲಿ, ಮುಂದಿನ ತಂಡದಿಂದ ಸಹಿಯ ಅಧಿಕಾರ ಸಂಯೋಜಕರೊಬ್ಬರಿಗೇ ಇರುತ್ತದೆ ಎಂದಿತ್ತು.