ಫ್ರೆಂಚಿನಲ್ಲಿ ಅಕ್ಕನ ಮದುವೆ

ತಮಿಳುನಾಡಿನ ಕೊಂಬೈಯಲ್ಲಿ ಹುಟ್ಟಿದ ನಾನು ಫ್ರೆಂಚ್ ಕಲಿತು ಯಾರನ್ನು ಮಾತಾಡಿಸಬೇಕಿತ್ತೋ ದೇವರಿಗೇ ಗೊತ್ತು. ಪ್ಲಸ್ ಟೂನಲ್ಲಿ, ಅಂದರೆ ಹನ್ನೆರಡನೇ ಕ್ಲಾಸಿನಲ್ಲಿ, ತಮಿಳು ತಗೊಂಡರೆ ಮಾರ್ಕು ಬೀಳುವುದಿಲ್ಲ, ಫ್ರೆಂಚ್ ತಗೊಂಡರೆ ಸುರಿಯುತ್ತದೆ ಅಂತ ಕಂಬಂ ಸಂತೆಯಲ್ಲಿ ಯಾರೋ ಅಪ್ಪನ ಕಿವಿಯಲ್ಲಿ ಊದಿದ್ದರು. ದ್ರಾಕ್ಷಿ ಮಾರಲು ಹೋದವರು ಆ ಮಾತು ಕೊಂಡುಕೊಂಡು ಬಂದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನನ್ನು ದಿಂಡಿಗಲ್ಲಿನ ಹಾಸ್ಟೆಲಿಗೆ ಹಾಕಿದರು.

ಮನೆಯೊಳಗೆ ನಮ್ಮದು ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಕನ್ನಡಕ್ಕೆ ಅಕ್ಷರ ಇದೆ ಅನ್ನುವುದೇ ಆಗ ನನಗೆ ಗೊತ್ತಿರಲಿಲ್ಲ. ಇದನ್ನು ಬರೆಯಲು ಬೇಕಾದ ಅಕ್ಷರ ಕಲಿತದ್ದು ಎಷ್ಟೋ ವರ್ಷದ ಮೇಲೆ. ಹಾಸ್ಟೆಲಿನಲ್ಲಿ ಆ ಕನ್ನಡ ಆಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಯಲ್ಲಾದರೆ ಅಕ್ಕ ಇದ್ದಳು. ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ದಿಂಡಿಗಲ್ಲಿನಲ್ಲಿ ಬಟ್ಟೆ ಒಗೆಯುವಾಗ ಅವಳ ಜೊತೆ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ, ಮಾತು ಮರೆತುಹೋಗದಿರಲಿ ಅಂತ. ಪಕ್ಕದ ಕಲ್ಲಿನ ಹುಡುಗಿಯರು ನನ್ನ ಬಾಯಿ ಅಲ್ಲಾಡುವುದನ್ನು ನೋಡಿ ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು.

ಪೊಂಗಲ್ ರಜೆಯಲ್ಲಿ ಅಕ್ಕನಿಗೆ ನಿಶ್ಚಯ ಆಯಿತು. ಗಂಡು ಚಿನ್ನಮನೂರಿನ ಕಡೆ. ಮದುವೆ ಏಪ್ರಿಲ್ ನಡುವೆ ಶುರುವಾಗುವ ಚಿತ್ತಿರೈ ತಿಂಗಳಲ್ಲಿ, ನನ್ನ ಪರೀಕ್ಷೆ ಮುಗಿದ ಮೇಲೆ. ನಮ್ಮವರಲ್ಲಿ ಮದುಮಗಳ ಪಕ್ಕ ಕಳಸ ಹಿಡಿದು ನಿಲ್ಲುವುದು ತಂಗಿ. ಅವಳ ಜೊತೆ ಗಂಡನ ಮನೆಗೆ ಹೋಗಿ, ಹೊಸ ಮನೆ ಅವಳಿಗೆ ಸ್ವಲ್ಪ ಒಗ್ಗುವವರೆಗೆ ಇದ್ದು ಬರುವುದೂ ತಂಗಿಯೇ. ನನಗೆ ಬೇಕಾಗಿದ್ದದ್ದು ಅದೊಂದೇ. ಮಾರ್ಕು ಗೀರ್ಕು ಎಲ್ಲ ಅಪ್ಪನ ಆಸೆ.

ರಜೆ ಮುಗಿಸಿ ಬಂದಾಗ ಪುದುಚ್ಚೇರಿ ಕಡೆಯ ನಮ್ಮ ಟೀಚರ್ ಹೊಸ ಪಾಠ ಶುರು ಮಾಡಿದ್ದರು. ಇನ್ನೇನು ಆಗಲಿರುವುದನ್ನು ಹೇಳಬೇಕಾದರೆ ಫ್ರೆಂಚಿನವರು 'ಹೋಗು' ಅನ್ನುವ ಕ್ರಿಯಾಪದವನ್ನು ಮುಂದೆ ನಿಲ್ಲಿಸಿ, ಮಾಡಲಿರುವ ಕೆಲಸವನ್ನು ಅದರ ಹಿಂದೆ ಇಡುತ್ತಾರೆ. ಜ ವೆ, ತ್ಯು ವಾ, ಎಲ್ ವಾ. ನಾನು, ನೀನು, ಅವಳು. ಇಷ್ಟು ಬಾಯಿಪಾಠ ಆದಮೇಲೆ ನಿಮ್ಮ ಮನೆಯಲ್ಲಿ ಏನು ನಡೆಯಲಿದೆ, ಅದನ್ನೇ ಬರೆಯಿರಿ ಅಂದರು. ಉಳಿದವರು ಸಿನಿಮಾಕ್ಕೆ ಹೋಗುವವರು, ಕೊಡೈಕಾನಲ್ಲಿಗೆ ಹೋಗುವವರು. ನಾನು ಅಕ್ಕನ ಮದುವೆ ಹಿಡಿದೆ. ಮಾ ಸೋರ್ ವಾ ಸ ಮಾರಿಯೆ, ನನ್ನ ಅಕ್ಕ ಮದುವೆ ಆಗಲಿದ್ದಾಳೆ. ನಾನು ಕಳಸ ಹಿಡಿಯಲಿದ್ದೇನೆ. ಅಪ್ಪ ಅಳಲಿದ್ದಾರೆ. ಕಳಸಕ್ಕೆ ಫ್ರೆಂಚಿನಲ್ಲಿ ಏನನ್ನುತ್ತಾರೋ, ಟೀಚರಿಗೂ ತಿಳಿಯದೆ ತಂಬಿಗೆ ಅಂತ ಆಯಿತು.

ಆ ವಾಕ್ಯಗಳನ್ನು ಹೇಳಿಕೊಳ್ಳುವಾಗ ಮಾತ್ರ ಎದೆಭಾರ ಸ್ವಲ್ಪ ಇಳಿಯುತ್ತಿತ್ತು. ಊಟದ ಸಾಲಿನಲ್ಲಿ ಒಬ್ಬಳೇ ನಿಂತು ಹೇಳಿಕೊಳ್ಳುತ್ತಿದ್ದೆ. ಭಾನುವಾರ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನು ಮಾಡಿ ಅಮ್ಮನನ್ನು ಕರೆಸುತ್ತಿದ್ದೆ. ಚಿತ್ತಿರೈಗೆ ಎರಡು ತಿಂಗಳು ಮೊದಲೇ ಬರುವ ಮಾಸಿ ತಿಂಗಳಲ್ಲಿ ಯಾವಾಗ ಕೇಳಿದರೂ ಅಕ್ಕ ತೋಟಕ್ಕೆ ಹೋಗಿದ್ದಾಳೆ. ಮದುವೆ ಕೆಲಸ ಎಲ್ಲಿಗೆ ಬಂತು ಅಂದರೆ, ಅದೆಲ್ಲ ಇರಲಿ, ನೀನು ಓದು ಅನ್ನುತ್ತಿದ್ದರು ಅಮ್ಮ. ಅಕ್ಕನಿಗೆ ನನ್ನ ನೆನಪೇ ಇಲ್ಲವೇ ಅಂತ ಮುನಿಸಿಕೊಂಡು ಹಾಸ್ಟೆಲಿಗೆ ವಾಪಸು ಬರುತ್ತಿದ್ದೆ. ಪರೀಕ್ಷೆಯಲ್ಲಿ ಸರಿಯಾಗಿ ಅದೇ ಕೇಳಿದರು, ನಿಮ್ಮ ಮನೆಯಲ್ಲಿ ನಡೆಯಲಿರುವ ಒಂದು ಸಮಾರಂಭ. ಖುಷಿಯಿಂದ ಬರೆದೆ.

ಪರೀಕ್ಷೆಗಳೆಲ್ಲ ಮುಗಿದ ದಿನ ಅಪ್ಪ ಕರೆದುಕೊಂಡು ಹೋಗಲು ಬಂದರು. ಬಸ್ಸು ವತ್ತಲಕುಂಡು ದಾಟಿತು, ಪೆರಿಯಕುಳಂ ದಾಟಿತು. ಮದುವೆಗೆ ನನ್ನ ರವಿಕೆ ಹೊಲಿಯಲು ಕೊಟ್ಟಾಯಿತಾ ಅಂತ ನಾನೇ ಕೇಳಿದೆ. ತೇನಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಅಪ್ಪ ಹೇಳಿದರು.

"ಅಕ್ಕಂದು ಮದ್ವೆ ಆಗೋಯ್ತು ತಾಯಿ. ಮಾಸೀಲೇ."

ಗಂಡಿನ ಅಜ್ಜಿ ಹಾಸಿಗೆ ಹಿಡಿದಿದ್ದರಂತೆ. ಅವರು ತೀರಿಹೋದರೆ ಒಂದು ವರ್ಷ ಆ ಮನೆಯಲ್ಲಿ ಮದುವೆ ಆಗಕೂಡದು, ಅದಕ್ಕೇ ಅವಸರ ಮಾಡಿದರಂತೆ. ನನಗೆ ಹೇಳಿದರೆ ಪರೀಕ್ಷೆ ಕೆಡುತ್ತದಂತೆ. ಕಳಸ ಹಿಡಿದದ್ದು ಚಿಕ್ಕಪ್ಪನ ಮಗಳು. ನಾನು ಪರೀಕ್ಷೆಯಲ್ಲಿ ಅವಳ ಮದುವೆ ಮಾಡುತ್ತಾ ಕೂತಿದ್ದಾಗ ಅವಳು ಆಗಲೇ ಚಿನ್ನಮನೂರಿನಲ್ಲಿ ಯಾರಿಗೋ ಕಾಫಿ ಕಾಸುತ್ತಿದ್ದಳು. ಕೊಂಬೈವರೆಗೂ ಅಪ್ಪನಿಗೆ ಬೆನ್ನು ಮಾಡಿ ಕೂತೆ. ಅಷ್ಟು ಕೋಪ ನನಗೆ ಮತ್ತೆ ಯಾರ ಮೇಲೂ ಬಂದಿಲ್ಲ.

ಮನೆಯ ಜಗಲಿಯಲ್ಲಿ ಅಕ್ಕ ಕೂತಿದ್ದಳು, ಕತ್ತಿನಲ್ಲಿ ಹೊಸ ಅರಿಶಿನ ದಾರ, ಕಾಲಿನಲ್ಲಿ ಕಾಲುಂಗುರ. ನನ್ನನ್ನು ನೋಡಲಿಕ್ಕೆ ಅಂತಲೇ ಬಂದಿದ್ದಳು. ಅಪ್ಪ ಅಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು ಕೊನೆಗೆ ಅಕ್ಕ, "ಅವ್ರನ್ನ ಬೈಬೇಡ. ನಾನೇ ಹೇಳ್ಬೇಡಿ ಅಂದೆ," ಅಂದಳು.

ನನಗೆ ಹಳೆಯದೊಂದು ನೆನಪಾಯಿತು. ಅವಳು ಪ್ಲಸ್ ಟೂ ಬರೆಯುತ್ತಿದ್ದ ವರ್ಷ, ಲೆಕ್ಕದ ಪರೀಕ್ಷೆಯ ಹಿಂದಿನ ದಿನ ತಾತ ಹೋಗಿಬಿಟ್ಟರು. ಸಾವಿನ ಮನೆ ಬಿಟ್ಟು ಹೋಗುವುದು ಹೇಗೆ ಅಂತ ಇವಳನ್ನು ಕಳಿಸಲಿಲ್ಲ. ಆಮೇಲೆ ಮತ್ತೆ ಬರೆಯಿಸುವ ಮಾತು ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ, ಅದನ್ನು ಮರೆತಿದ್ದಾಳೆ ಅಂತ ನಾವೆಲ್ಲ ತಿಳಿದಿದ್ದೆವು.

ಆಗ ಅಮ್ಮ ಅಡುಗೆಮನೆಯಿಂದಲೇ ಹೇಳಿದರು, ಪರೀಕ್ಷೆ ಮುಗಿಯುವವರೆಗೆ ತಂಗಿಗೆ ಗೊತ್ತಾಗದಿದ್ದರೆ ಮಾತ್ರ ತಾಳಿಗೆ ಕತ್ತು ಕೊಡುತ್ತೇನೆ ಅಂತ ಇವಳು ಹಟ ಹಿಡಿದಿದ್ದಳಂತೆ. ಮನೆಯಲ್ಲಿ ಅವಳ ಹಟ ಗೆದ್ದದ್ದು ಅದೊಂದೇ ಸಲ.

ನಾನು ಅವಳ ಪಕ್ಕ ಕೂತೆ. ಹಾಸ್ಟೆಲಿನಲ್ಲಿ ಕೂಡಿಟ್ಟಿದ್ದ ಮಾತು ಒಂದೆರಡಲ್ಲ, ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ಈ ಒಂದು ರಾತ್ರಿ ಇಲ್ಲೇ ಇರು ಅಂದೆ.

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದು, ಬಸ್ಸಿನ ಹೊತ್ತಾಯಿತೇನೋ ಅಂತ ಬೀದಿ ನೋಡಿದಳು.

"ಅಲ್ಲಿ ಕೇಳ್ಕೊಂಡು ಬರ್ಲಿಲ್ಲ ಕಣೆ," ಅಂದಳು.