ರೆಫ್ರಿಯ ತೊಡೆಯ ಗಂಟು

ನೀಲ್ಡಾ ಪೆರೇರಾ ತಕುವಾರೆಂಬೊ ಎಂಬ ಊರಿನ ಒಂದು ಶಾಲೆಯಲ್ಲಿ ಆಯುಷ್ಯವೆಲ್ಲ ಮಕ್ಕಳಿಗೆ ಬೇಯಿಸಿ ಹಾಕಿದವಳು. ನಿವೃತ್ತಳಾಗುವಾಗ ಅವಳಿಗಿದ್ದದ್ದು ಒಂದೇ ಆಸೆ: ಬೆಳಿಗ್ಗೆ ತಾನಾಗಿ ಎಚ್ಚರವಾದಾಗ ಏಳಬೇಕು, ಇನ್ನೊಬ್ಬರ ಹೊಟ್ಟೆಯ ಚಿಂತೆಯಿಲ್ಲದೆ ಮಾಟೆ ಎಲೆಯ ಚಹಾ ಕುಡಿಯುತ್ತ ಕೂರಬೇಕು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಒಂದು ಬೇಸಿಗೆಯ ಮಟ್ಟಿಗೆ ಆ ಆಸೆ ನಡೆಯಿತು. ಆಮೇಲೆ ಅಣ್ಣ ವೆನಾನ್ಸಿಯೋ ಪೆಟ್ಟಿಗೆ ಹಿಡಿದು, ಕುಂಟುತ್ತ ಬಂದ.

ವೆನಾನ್ಸಿಯೋಗೆ ಎಂಬತ್ತು ದಾಟಿತ್ತು. ಮದುವೆಯ ಗೋಜಿಗೆ ಹೋದವನಲ್ಲ. ದುಡಿಯುವ ಕಾಲದಲ್ಲಿ ವಾರವೆಲ್ಲ ಗೋದಾಮಿನಲ್ಲಿ ಉಣ್ಣೆ ವಿಂಗಡಿಸುತ್ತಿದ್ದ, ಭಾನುವಾರ ಊರಿನ ಫುಟ್‌ಬಾಲ್ ಪಂದ್ಯಗಳಿಗೆ ಸೀಟಿ ಊದುತ್ತಿದ್ದ. ಅವನನ್ನು ಒಮ್ಮೆಯಾದರೂ ಬೈಯದ ಗಂಡಸು ಆ ಊರಿನಲ್ಲಿರಲಿಲ್ಲ. ಎಡತೊಡೆಯಲ್ಲಿ ಗಂಟು ಕಾಣಿಸಿಕೊಂಡಾಗ ಬಾರಿನಲ್ಲಿ ಹಳೆಯ ಆಟಗಾರರು ಸುಮ್ಮನಿರಲಿಲ್ಲ.

"ಏನೋ ರೆಫ್ರಿ, ಚೆಂಡು ಕದ್ದು ಚಡ್ಡೀಲಿಟ್ಕೊಂಡಿದೀಯಾ?"

"ಇದ್ರೆ ನಿಂಗಂತೂ ಪಾಸ್ ಕೊಡಲ್ಲ ಬಿಡು."

ನೋವಿರಲಿಲ್ಲವಾದ್ದರಿಂದ ಅವನೂ ನಕ್ಕು ಸುಮ್ಮನಾದ. ಗಂಟು ನಿಂಬೆಯಷ್ಟಾಗಿ ಮೂಸಂಬಿಯಷ್ಟಾಯಿತು. ಬೀದಿ ಕೊನೆಯ ಕ್ಲಿನಿಕ್ಕಿನ ವೈದ್ಯರು ಒತ್ತಿ ನೋಡಿ, "ಬರೀ ಕೊಬ್ಬಿನ ಗಂಟು, ಚಿಂತೆ ಬೇಡ" ಎಂದು ಅಲ್ಲೇ ಮರಗಟ್ಟಿಸಿ ಕೊಯ್ದು ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಲಿಲ್ಲ. ಮುಂದಿನ ಚಳಿಗಾಲದೊಳಗೆ ಗಾಯದ ಕಲೆಯ ಕೆಳಗೇ ಅದು ಮತ್ತೆ ಹುಟ್ಟಿತು, ಮೊದಲಿಗಿಂತ ಗಟ್ಟಿಯಾಗಿ. ಆಗಲೇ ಅವನು ತಂಗಿಯ ಮನೆಗೆ ಬಂದದ್ದು. ನೀಲ್ಡಾ ಅವನ ಪ್ಯಾಂಟು ಮೇಲೆತ್ತಿಸಿ ನೋಡಿದಳು, ಕೂಡಲೇ ಮಾಂಟೆವಿಡಿಯೋದ ಬಸ್ಸು ಯಾವಾಗ ಎಂದು ವಿಚಾರಿಸಲು ಹೊರಟಳು.

ರಾಜಧಾನಿಯ ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಚೂರು ತೆಗೆದರು, ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು. ಇತುರಾಲ್ದೆ ಎಂಬ ವೈದ್ಯೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಇದು ಸಾರ್ಕೋಮಾ, ದೊನ್ ವೆನಾನ್ಸಿಯೋ. ಮಾಂಸ, ಕೊಬ್ಬು, ಇಂಥ ಮೆತ್ತನೆ ಜಾಗದಲ್ಲಿ ಹುಟ್ಟೋ ಕ್ಯಾನ್ಸರ್. ತುಂಬಾ ಅಪರೂಪ. ಎಷ್ಟೋ ಡಾಕ್ಟರುಗಳು ಇದನ್ನ ಜೀವಮಾನದಲ್ಲಿ ನೋಡೇ ಇರಲ್ಲ."

"ಲಾಟ್ರಿ ಮಾತ್ರ ಯಾವತ್ತೂ ಹೊಡೀಲಿಲ್ಲ" ಎಂದ ವೆನಾನ್ಸಿಯೋ.

ವೈದ್ಯೆ ಎರಡು ದಾರಿ ಮುಂದಿಟ್ಟರು. ಕಾಲನ್ನೇ ತೆಗೆದರೆ ಆ ಜಾಗದಲ್ಲಿ ಮತ್ತೆ ಬರುವ ಭಯ ಕಡಿಮೆ. ಆದರೆ ಈ ವಯಸ್ಸಿನಲ್ಲಿ ಒಂಟಿ ಕಾಲಲ್ಲಿ ನಡೆಯಲು ಕಲಿಯುವುದು ಸುಲಭವಲ್ಲ. ಮೊದಲು ವಿಕಿರಣ ಕೊಟ್ಟು ಆಮೇಲೆ ಗಂಟನ್ನು ಸುತ್ತಲಿನ ಮಾಂಸದ ಸಮೇತ ತೆಗೆದರೆ ಕಾಲು ಉಳಿಯುತ್ತದೆ, ಗಾಯ ಮಾತ್ರ ಬೇಗ ಮಾಯದೆ ಕಾಡಬಹುದು. ಅವನ ಹೃದಯವೂ ಅಷ್ಟಕ್ಕಷ್ಟೆ. "ನಿಮಗೆ ಯಾವುದು ಮುಖ್ಯ?" ಎಂದು ವೈದ್ಯೆ ಕೇಳಿದಾಗ ಅವನು ತಡಮಾಡಲಿಲ್ಲ. "ಕಾಲು. ಕಕ್ಕಸಿಗೆ ನಾನೇ ಎದ್ದು ಹೋಗ್ಬೇಕು, ಅಷ್ಟೇ."

ನೀಲ್ಡಾಳನ್ನು ಯಾರೂ ಕೇಳಲಿಲ್ಲ. ಗಾಯ ಕಾಡಿದರೆ ಅದರ ಆರೈಕೆ ಯಾರ ಪಾಲಿಗೆ ಬರುವುದೆಂದು ಅವಳಿಗೆ ಅಲ್ಲೇ ಹೊಳೆದಿತ್ತು.

ವಿಕಿರಣದ ವಾರಗಳನ್ನು ಇಬ್ಬರೂ ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿ ಕಳೆದರು. ಶಸ್ತ್ರಚಿಕಿತ್ಸೆ ಸಸೂತ್ರವಾಗಿ ಮುಗಿಯಿತು, ಕೊಯ್ದ ಮಾಂಸದ ಅಂಚುಗಳಲ್ಲಿ ರೋಗ ಉಳಿದಿಲ್ಲವೆಂದರು. ಊರಿಗೆ ಮರಳಿದ ಮೇಲೆ ಹೊಲಿಗೆ ಬಿಟ್ಟಿತು. ಅಂಗೈ ಅಗಲದ ಗಾಯ ಬಾಯ್ದೆರೆದು ಸೋರತೊಡಗಿತು. ದಿನಾ ತೊಳೆಯಬೇಕು, ಹಳೆಯ ಪಟ್ಟಿ ಬಿಚ್ಚಬೇಕು, ಒಳಗೆ ಬಟ್ಟೆ ತುಂಬಿ ಹೊಸದು ಕಟ್ಟಬೇಕು. ಭಾರದ ಗಂಡಸನ್ನು ಎಬ್ಬಿಸಿ ಕೂರಿಸಿ ನೀಲ್ಡಾಳ ಸೊಂಟ ಹಿಡಿದುಕೊಂಡಿತು. ಹಾಸಿಗೆ ಬಟ್ಟೆ ಒಗೆದು ಹಾಕಿದರೆ ಆ ಸೀಮೆಯ ಜುಲೈ ಚಳಿಗಾಲದಲ್ಲಿ ಒಣಗುತ್ತಿರಲಿಲ್ಲ. ಸೌದೆ ಒಲೆಯ ಸುತ್ತ ಹರವಿದ ಬಟ್ಟೆಗಳ ಹಬೆಯಲ್ಲೇ ಮಾಂಸ-ತರಕಾರಿಯ ಪುಚೇರೋ ಕುದಿಸಿದರೆ ಅವನು, "ಉಪ್ಪು ಕಮ್ಮಿ" ಎನ್ನುತ್ತಿದ್ದ. ಹಾಗೆನ್ನುವಾಗ ಅವಳ ಮುಖವನ್ನೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಅವನು "ಮೆಲ್ಲಗೆ, ಮೆಲ್ಲಗೆ! ಕುರಿ ಚರ್ಮ ಸುಲೀತಿದೀಯಾ?" ಎಂದು ಚೀರಿದ.

ನೀಲ್ಡಾ ಕತ್ತರಿಯನ್ನು ಕೆಳಗಿಟ್ಟಳು. "ನಂಗೂ ಎಪ್ಪತ್ತೆರಡು ಕಣೋ. ನನ್ನ ಕೈ ನಡುಗುತ್ತೆ, ಬೆನ್ನು ಬಗ್ಗಲ್ಲ, ರಾತ್ರಿ ನೀನು ಕೆಮ್ಮಿದ್ರೆ ಸತ್ಹೋದೆ ಅಂತ ಎದ್ದು ಕೂರ್ತೀನಿ. ಒಂದಿನಾನಾದ್ರೂ, ನೀಲ್ಡಾ ನೀನು ಉಂಡ್ಯಾ ಅಂತ ಕೇಳಿದೀಯಾ?"

ಕೂಗಿ ಹೇಳಿದ ಮಾತಲ್ಲ ಅದು. ಕೂಗುವ ಶಕ್ತಿಯೂ ಅವಳಲ್ಲಿರಲಿಲ್ಲ. ಅರ್ಧ ಕಟ್ಟಿದ ಪಟ್ಟಿಯನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ಒದ್ದೆ ಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಅವನು ಯಾರಿಗೋ ಫೋನು ಮಾಡುತ್ತಿರುವುದು ಕೇಳಿಸಿತು.

ಮರುದಿನ ಬಾಗಿಲು ತಟ್ಟಿದವನು ಅನಾಕ್ಲೇತೋ. ಸೈನ್ಯದಲ್ಲಿ ಗಾಯಾಳುಗಳ ಆರೈಕೆ ಮಾಡಿ ನಿವೃತ್ತನಾದವನು. ಆದರೆ ಊರು ಅವನನ್ನು ಬಲ್ಲದ್ದು ಬೇರೆ ಕಾರಣಕ್ಕೆ. ಯೌವನದಲ್ಲಿ ಜಿಲ್ಲಾ ಫೈನಲ್ಲಿನಲ್ಲಿ ವೆನಾನ್ಸಿಯೋ ಅವನಿಗೆ ಕೆಂಪು ಕಾರ್ಡು ತೋರಿಸಿದ್ದ. ಅವನ ತಂಡ ಸೋತಿತು. ಅಂದಿನಿಂದ ಅವನು ವೆನಾನ್ಸಿಯೋ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

"ಕರೆದ ಅಂತ ಬಂದೆ, ದೊನ್ಯಾ ನೀಲ್ಡಾ. ಎಲ್ಲಿದಾನೆ ಆ ಕಳ್ಳ?" ಎಂದು ಕೇಳಿ ಒಳಗೆ ನಡೆದ. ಮಂಚದ ಪಕ್ಕ ಮಂಡಿಯೂರಿ ಗಾಯವನ್ನು ಬಹಳ ಹೊತ್ತು ನೋಡಿದ. "ಇಷ್ಟು ದೊಡ್ಡ ತೂತು! ನಿನ್ನ ಕಣ್ಣಿಗೆ ಇದಾದ್ರೂ ಕಾಣುತ್ತಾ?"

"ನೀನು ಅವತ್ತು ಎದುರಾಳೀನ ಒದ್ದಿದ್ದು ಕಂಡಿತ್ತು" ಎಂದ ವೆನಾನ್ಸಿಯೋ, ಹಲ್ಲು ಕಚ್ಚಿಕೊಂಡು.

"ನಾನು ಒದ್ದಿದ್ದು ಚೆಂಡನ್ನ."

"ಚೆಂಡು ಆ ಕಡೆ ಇತ್ತು, ಅವನ ಮೊಣಕಾಲು ಈ ಕಡೆ."

ಹೀಗೆ ಕಿತ್ತಾಡುತ್ತಲೇ ಅನಾಕ್ಲೇತೋ ಬೆಚ್ಚಗಿನ ಉಪ್ಪುನೀರಲ್ಲಿ ಪಟ್ಟಿ ನೆನೆಸಿ, ನೋಯದಂತೆ ಬಿಡಿಸಿದ. ನೀಲ್ಡಾ ಅಡುಗೆಮನೆಯ ಕುರ್ಚಿಯಲ್ಲಿ ಕೂತವಳು ಕೂತಲ್ಲೇ ನಿದ್ದೆ ಹೋದಳು. ಎಚ್ಚರವಾದಾಗ ಭುಜದ ಮೇಲೆ ಯಾರದೋ ಕೋಟಿತ್ತು. ಅನಾಕ್ಲೇತೋ ಮಾಟೆಗೆ ನೀರು ಕಾಯಿಸುತ್ತಿದ್ದ.

ಅವನು ದಿನವೂ ಬಂದ. ಆ ಫೈನಲ್ ಪಂದ್ಯ ದಿನವೂ ನಡೆಯಿತು, ಒಂದು ದಿನವೂ ತೀರ್ಮಾನವಾಗಲಿಲ್ಲ. ವಸಂತದ ಹೊತ್ತಿಗೆ ಗಾಯ ಕೂಡಿತು, ವೆನಾನ್ಸಿಯೋ ಕೋಲೂರಿ ಬಾರಿನವರೆಗೆ ನಡೆದ.

ಬೇಸಿಗೆಯಲ್ಲಿ ಎದೆಯ ಚಿತ್ರ ತೆಗೆದಾಗ ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು. ಇತುರಾಲ್ದೆಯವರು ಮುಚ್ಚಿಡಲಿಲ್ಲ. ಕೀಮೋ ಔಷಧಿ ಏರಿಸಬಹುದು, ಆದರೆ ಈ ಹೃದಯಕ್ಕೆ ಅದು ಭಾರ, ಸಿಗುವ ಲಾಭವೂ ಕಡಿಮೆ. ಬೇಡವೆಂದರೆ ನೋವು, ಉಸಿರು ನೋಡಿಕೊಳ್ಳುತ್ತಾರೆ, ಮನೆಯಲ್ಲೇ ಇರಬಹುದು.

ವೆನಾನ್ಸಿಯೋ ಈ ಸಲ ತಂಗಿಯ ಕಡೆ ತಿರುಗಿದ. "ನೀನು ಹೇಳು, ನೀಲ್ಡಾ."

ನೀಲ್ಡಾ ಎರಡೂ ಉತ್ತರಗಳನ್ನು ಮನಸ್ಸಿನಲ್ಲೇ ತೂಗಿದಳು. 'ಸಾಕು' ಎಂದರೆ ಅಣ್ಣ ಬೇಗ ಹೋಗಲಿ ಎಂದಂತೆ. 'ಮಾಡಿಸು' ಎಂದರೆ ಸುಳ್ಳು.

"ನಂಗೆ ಸುಸ್ತಾಗಿದೆ ಅಣ್ಣ. ಆದ್ರೆ ನನ್ನ ಸುಸ್ತು ನೋಡಿ ನೀನು ಬೇಡ ಅನ್ಬೇಡ."

"ನಂಗೂ ಸುಸ್ತಾಗಿದೆ ಕಣೇ. ಆ ಬಸ್ಸಲ್ಲಿ ಇನ್ನೊಂದ್ಸಲ ಕೂರೋಕೆ ನನ್ನ ಕೈಲಾಗಲ್ಲ." ಅವನು ವೈದ್ಯೆಯ ಕಡೆ ನೋಡಿದ. "ಬೇಡ ಡಾಕ್ಟ್ರೇ. ಮನೇಲಿರ್ತೀನಿ."

ಆ ಸಂಜೆ ಬಸ್ಸಿನಲ್ಲಿ ಅವನು ತಂಗಿಗೆ ಕಿಟಕಿ ಬದಿ ಬಿಟ್ಟುಕೊಟ್ಟ. "ಉಂಡ್ಯಾ?" ಎಂದು ಕೇಳಿದ. ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡಿದ್ದರು. ಆದರೂ ನೀಲ್ಡಾ, "ಹೂಂ, ಉಂಡೆ" ಎಂದಳು.

ಬೇಸಿಗೆ ಕಳೆಯಿತು, ಎಲೆ ಉದುರುವ ಕಾಲ ಬಂತು. ಆಮೇಲಾಮೇಲೆ ಅವನು ಮಾತು ಮುಗಿಸುವ ಮೊದಲೇ ಉಸಿರು ಮುಗಿಯುತ್ತಿತ್ತು. ಅನಾಕ್ಲೇತೋ ಅವನ ಪಾಲಿನ ವಾದವನ್ನೂ ತಾನೇ ಮಾಡಿ ತಾನೇ ಬೈಯುತ್ತಿದ್ದ. ಏಪ್ರಿಲ್‌ನ ಒಂದು ಮಧ್ಯಾಹ್ನ, ರೇಡಿಯೋದಲ್ಲಿ ಪಂದ್ಯ ನಡೆಯುತ್ತಿರುವಾಗ, ವೆನಾನ್ಸಿಯೋ ಹೋದ. ನೀಲ್ಡಾ ಅವನ ಕೈ ಹಿಡಿದಿದ್ದಳು. ಅತ್ತದ್ದು ಅನಾಕ್ಲೇತೋ. ಅವಳಿಗೆ ಅಳು ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೂ ಅನಾಕ್ಲೇತೋ ಅಭ್ಯಾಸಬಲದಿಂದ ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ. ಇಬ್ಬರೂ ಮಾಟೆ ಕುಡಿದರು. ಅವನು ಏಳುವಾಗ ನೀಲ್ಡಾ ಹೇಳಿದಳು: "ನಾಳೆ ಬರ್ಬೇಡಪ್ಪ. ನಾನು ಮಲಗ್ಬೇಕು."

"ನಾಡಿದ್ದು?"

"ನಾಡಿದ್ದು ಬಾ. ತಡವಾಗಿ ಬಾ."